ಹಿಮ್ಮಡಿಯ ಹನಿ ಹೇಳುವ ಅಂಕಿ

ಕಕ್ಕಡದ ಮಳೆಗೆ ಗೋಡೆಗಳೂ ತೇವ ಹಿಡಿಯುವ ಮಡಿಕೇರಿಯಲ್ಲಿ, ದಿನ ತುಂಬದೆ ಹುಟ್ಟಿ, ಹುಟ್ಟುವಾಗಲೇ ಉಸಿರುಗಟ್ಟಿದ್ದ ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಶೇ. 68 ಎಂದು ಬಂದರೆ, ಗಾಬರಿಯಾಗುವ ಮೊದಲು ಆ ಪಾದವನ್ನು ಮುಟ್ಟಿ ನೋಡಬೇಕು. ಪಾದ ತಣ್ಣಗಿದ್ದು ರಕ್ತಸಂಚಾರ ಮಂದವಾಗಿದ್ದರೆ ಅಲ್ಲಿನ ಸೂಕ್ಷ್ಮನಾಳಗಳಲ್ಲಿ ಕೆಂಪುಕಣಗಳು ದಟ್ಟೈಸಿ, ಅಭಿಧಮನಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚಿನ ಅಂಕಿ ಬರುತ್ತದೆ. ಪಾಲಿಸೈಥೀಮಿಯಾ, ಅಂದರೆ ಕೆಂಪುಕಣಗಳ ಅತಿಯಾದ ಹೆಚ್ಚಳ, ಎಂದು ನಿರ್ಧರಿಸಲು ಅಭಿಧಮನಿಯ ಮಾದರಿಯಲ್ಲೇ ಶೇ. 65 ಮೀರಿರಬೇಕು.

ಆ ಗಡಿಯಾಚೆ ರಕ್ತದ ಸ್ನಿಗ್ಧತೆ, ಅಂದರೆ ಹರಿಯದಂತೆ ತಡೆಯುವ ಅಂಟುತನ, ಕಡಿದಾಗಿ ಏರುತ್ತದೆ ಎಂಬುದು ನಿಜವಾದರೂ, ರಕ್ತದ ಹರಿವನ್ನು ಕಣಗಳ ಪ್ರಮಾಣವೊಂದೇ ತೀರ್ಮಾನಿಸುವುದಿಲ್ಲ. ನವಜಾತ ಶಿಶುವಿನ ಕೆಂಪುಕಣ ದೊಡ್ಡವರದಕ್ಕಿಂತ ಗಾತ್ರದಲ್ಲಿ ಹಿರಿದು. ತನಗಿಂತ ಕಿರಿದಾದ ಲೋಮನಾಳದಲ್ಲಿ ಅದು ಬಾಗಿ, ಬಳುಕಿ ನುಸುಳಬೇಕು. ಆಮ್ಲಜನಕದ ಕೊರತೆಯಿಂದ ಲ್ಯಾಕ್ಟಿಕ್ ಆಮ್ಲ ಹೆಚ್ಚಿ ರಕ್ತ ಆಮ್ಲೀಯವಾದಾಗ ಕಣಗಳು ಊದಿಕೊಂಡು ಆ ಬಳುಕನ್ನು ಕಳೆದುಕೊಳ್ಳುತ್ತವೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಫೈಬ್ರಿನೋಜನ್ ಸೇರಿದಂತೆ ಪ್ರೋಟೀನುಗಳು ಕಡಿಮೆಯಿರುವುದರಿಂದ ಪ್ಲಾಸ್ಮಾ ತೆಳುವಾಗಿರುತ್ತದೆ, ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಕಡಿಮೆ. ಈ ಅನುಕೂಲವನ್ನು ನಾವು ಲೆಕ್ಕಕ್ಕೆ ಹಿಡಿಯುವುದು ಅಪರೂಪ.

ರಕ್ತ ನೀರಿನಂತಲ್ಲ, ಹರಿವು ನಿಧಾನವಾದಷ್ಟೂ ಅದರ ಸ್ನಿಗ್ಧತೆ ಏರುತ್ತದೆ. ಉಸಿರುಗಟ್ಟಿದ ಮಗುವಿನ ಹೃದಯಸ್ನಾಯು ಬಳಲಿ ರಕ್ತದೊತ್ತಡ ಕುಸಿದರೆ ಹರಿವು ತಗ್ಗುತ್ತದೆ, ಅದರಿಂದ ಸ್ನಿಗ್ಧತೆ ಹೆಚ್ಚಿ ಹರಿವು ಇನ್ನಷ್ಟು ತಗ್ಗುತ್ತದೆ. ಹಾಗೆಂದು ಅವಸರದಲ್ಲಿ ದ್ರವ ಏರಿಸುವಂತಿಲ್ಲ, ಏಕೆಂದರೆ 32 ವಾರಗಳಿಗಿಂತ ಮೊದಲೇ ಹುಟ್ಟಿದ ಶಿಶುಗಳಲ್ಲಿ ಮೆದುಳಿನ ಒಳಭಾಗದಲ್ಲಿ ಇನ್ನೂ ಬೆಳೆಯುತ್ತಿರುವ ಜರ್ಮಿನಲ್ ಮ್ಯಾಟ್ರಿಕ್ಸ್ ಎಂಬ ಪದರದ ರಕ್ತನಾಳಗಳು ತೀರಾ ನಾಜೂಕಾಗಿದ್ದು, ಹರಿವಿನ ಹಠಾತ್ ಏರಿಳಿತಕ್ಕೆ ಒಡೆದು ರಕ್ತಸ್ರಾವವಾಗಬಹುದು.

ಚಳಿಯೂ ಸ್ನಿಗ್ಧತೆಯನ್ನು ಹೆಚ್ಚಿಸುತ್ತದೆ. ಉಸಿರುಗಟ್ಟಿದ ಮಗುವಿನ ಮೆದುಳನ್ನು ಕಾಪಾಡಲು ಮೈಯನ್ನು 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಿ 72 ಗಂಟೆ ಇಡುವ ಚಿಕಿತ್ಸೆಯನ್ನು ಮೈಸೂರಿನ ಕಡೆಯ ನೆಂಟರಿಂದ ಕೇಳಿಬಂದ ತಂದೆಯರು ಅದನ್ನೇ ತಮ್ಮ ಮಗುವಿಗೂ ಮಾಡಿಸಿ ಎನ್ನುವುದುಂಟು. ಅದು ಸುಮಾರು 36 ವಾರ ತುಂಬಿದ ಶಿಶುಗಳಿಗಾಗಿ ರೂಪುಗೊಂಡದ್ದು. ತೀರಾ ಮುಂಚೆ ಹುಟ್ಟಿದವರಿಗೆ ಬೇಕಾದದ್ದು ವಾರ್ಮರ್‌ನ ಬಿಸುಪು.

ಸಾಮಾನ್ಯ ವಾರ್ಡುಗಳಲ್ಲಿ ಸ್ನಿಗ್ಧತೆ ಅಳೆಯುವ ಉಪಕರಣ ಇರುವುದಿಲ್ಲವಾದ್ದರಿಂದ ಮಗುವಿನ ಬಣ್ಣ, ಮೂತ್ರದ ಪ್ರಮಾಣ, ರಕ್ತದ ಸಕ್ಕರೆ, ಹಾಲು ಕುಡಿಯುವ ರೀತಿಯನ್ನೇ ನೆಚ್ಚಬೇಕಾಗುತ್ತದೆ. ಲಕ್ಷಣಗಳಿದ್ದರೆ ಸ್ವಲ್ಪ ರಕ್ತ ತೆಗೆದು ಅಷ್ಟೇ ಸಲೈನ್ ಕೊಡುವುದುಂಟು. ಅದರಿಂದ ಮಗುವಿನ ಮುಂದಿನ ಬೆಳವಣಿಗೆ ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲದಿರುವಾಗ, ಲಕ್ಷಣಗಳಿಲ್ಲದ ಮಗುವಿಗೆ ಶೇ. 66 ಅಥವಾ 67ರ ಅಂಕಿಯೊಂದನ್ನೇ ನೋಡಿ ಅದನ್ನು ಮಾಡುವುದು ನನಗೆ ಸಮ್ಮತವಲ್ಲ.