ಪ್ರಶ್ನೆ ಕೇಳುವ ಮೊದಲು ಜಗುಲಿ ನೋಡಿ

ರಿಸರ್ಚ್ ಅಸಿಸ್ಟೆಂಟ್ ಅಂದರೆ ಕಂಪ್ಯೂಟರ್ ಮುಂದೆ ಕೂತು ಗ್ರಾಫ್ ಹಾಕುವವರು ಅಂತ ನಮ್ಮ ಕ್ಲಾಸಿನಲ್ಲಿ ಸುಮಾರು ಜನ ಅಂದುಕೊಂಡಿದ್ದರು. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್) ಓದುತ್ತಾ ನಾನು ಮಾಡಿದ ಕೆಲಸ ಜಾಸ್ತಿ ನಡೆದದ್ದು ಮಂಡ್ಯ ಕಡೆಯ ಹಳ್ಳಿಗಳ ಜಗುಲಿ ಮೇಲೆ, ಕೊಟ್ಟಿಗೆ ಪಕ್ಕದಲ್ಲಿ. ಮದುವೆಯಾದ ಹೆಣ್ಣುಮಕ್ಕಳ ಮನಸ್ಸಿನ ಆರೋಗ್ಯ ಹೇಗಿದೆ ಅಂತ ಮನೆಮನೆಗೆ ಹೋಗಿ ಕೇಳುವ ಅಧ್ಯಯನ ಅದು. ಅಲ್ಲಿ ನಾನು ಕಲಿತದ್ದು ಇಷ್ಟು: ಯಾರ ಎದುರು ಕೇಳಿದಿರಿ, ಯಾವ ಹೊತ್ತಿನಲ್ಲಿ ಕೇಳಿದಿರಿ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ವರದಿಯಲ್ಲಿ ಬರೀ ಅಂಕೆ ಕಾಣುತ್ತದೆ, ಜಗುಲಿ ಕಾಣುವುದಿಲ್ಲ.

ನಮ್ಮ ಕೈಯಲ್ಲಿದ್ದದ್ದು ಪಿಎಚ್‌ಕ್ಯೂ-9. 2001ರಲ್ಲಿ ಪ್ರಕಟವಾದ, ಖಿನ್ನತೆಯ ಲಕ್ಷಣ ಕೇಳಲು ಪ್ರಪಂಚದ ತುಂಬಾ ಬಳಕೆಯಲ್ಲಿರುವ ಪ್ರಶ್ನಾವಳಿ. ಕಳೆದ ಎರಡು ವಾರದಲ್ಲಿ ನಿದ್ದೆ, ಹಸಿವು, ಸುಸ್ತು, ಬೇಜಾರು ಹೀಗೆ ಒಂಬತ್ತು ವಿಷಯ ನಿಮ್ಮನ್ನು ಎಷ್ಟು ದಿನ ಕಾಡಿತು ಅಂತ ಕೇಳಬೇಕು. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದವರನ್ನು ಡಾಕ್ಟರ್ ನೋಡಬೇಕು ಅಂತ ಲೆಕ್ಕ. ಇದರಿಂದ ಕಾಯಿಲೆ ಇದೆ ಅಂತ ತೀರ್ಮಾನ ಮಾಡುವ ಹಾಗಿಲ್ಲ, ಇದು ಬರೀ ಜರಡಿ.

‘ಕಳೆದ ಎರಡು ವಾರ’ ಅಂತ ಓದಿಬಿಟ್ಟರೆ ಸಾಲದು. ಹೊಲದ ಕೆಲಸ ಮಾಡುವವರು ಕ್ಯಾಲೆಂಡರ್ ನೋಡಿ ಬದುಕುವುದಿಲ್ಲ. ಅಮಾವಾಸ್ಯೆ ಹತ್ತಿರ ಹೋದರೆ ‘ಹುಣ್ಣಿಮೆಯಿಂದ ಈಚೆಗೆ’ ಅನ್ನುತ್ತಿದ್ದೆವು. ಉಳಿದ ದಿನಗಳಲ್ಲಿ ‘ಹೋದ ವಾರದ ಸಂತೆ, ಅದರ ಹಿಂದಿನ ಸಂತೆ’. ಹಾಗೆ ಹೇಳಿದ ಮೇಲೆ ಉತ್ತರ ಬೇರೆ ಥರ ಬರುತ್ತದೆ. ಅಲ್ಲಿವರೆಗೂ ‘ಇರುತ್ತೆ ಕಣವ್ವ, ಸಂಸಾರ ಅಂದ್ಮೇಲೆ’ ಅನ್ನುವುದೊಂದೇ. ಅದಕ್ಕೆ ಯಾವ ನಂಬರ್ ಹಾಕುವುದು? ನಾವಾಗಿ ಊಹಿಸಿ 1 ಹಾಕುವಂತಿಲ್ಲ. ‘ಅಂದ್ರೆ ತುಂಬಾ ಬೇಜಾರಾಗುತ್ತಾ?’ ಅಂತ ಮುಂದೆ ಎಳೆಯುವಂತೆಯೂ ಇಲ್ಲ. ನಾಲ್ಕೂ ಆಯ್ಕೆಗಳನ್ನು ಅದೇ ದನಿಯಲ್ಲಿ ಮತ್ತೆ ಓದಿ ಕಾಯಬೇಕು. ಕಾಯುವುದೇ ಈ ಕೆಲಸದಲ್ಲಿ ಕಷ್ಟದ ಭಾಗ.

ನಿದ್ದೆಯ ಪ್ರಶ್ನೆ ಅಂತೂ ಒಂದು ಕಥೆ. ಒಬ್ಬ ಅಕ್ಕ ‘ದಿನಾ ನಿದ್ದೆ ಕೆಡುತ್ತೆ’ ಅಂದರು. ಸುಮ್ನೆ 3 ಹಾಕಿ ಮುಂದೆ ಹೋಗಬಹುದಿತ್ತು. ಮಾತು ಬೆಳೆದಾಗ ಗೊತ್ತಾಯಿತು, ಆಗ ಅವರ ಕಡೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿ. ಕಬ್ಬಿಗೆ ನೀರು ಹಾಯಿಸಲು ಗಂಡ ನಡುರಾತ್ರಿ ಎದ್ದರೆ ಇವರೂ ಏಳಬೇಕು. ಬೆಳಗ್ಗೆ ಐದಕ್ಕೆ ಹಾಲು ಕರೆದು ಡೈರಿಗೆ ಹಾಕಬೇಕು. ಸುಸ್ತಿಗೂ 3, ಊಟ ಸೇರುವುದಿಲ್ಲ ಅಂತ ಅದಕ್ಕೂ 3. ಅಲ್ಲಿಗೆ 9 ಆಯಿತು. ಇನ್ನೊಂದು ಗೆರೆ ಎಳೆದರೆ 10, ಆ ಅಕ್ಕ ‘ಖಿನ್ನತೆಯ ಸಾಧ್ಯತೆ’ ಅನ್ನುವ ಕಾಲಮ್ಮಿಗೆ ಸೇರುತ್ತಾರೆ. ಇದಕ್ಕೆ ಮದ್ದು ಮಾತ್ರೆಯೋ, ಹಗಲು ಹೊತ್ತಿನ ಕರೆಂಟೋ? ಅದನ್ನು ನಿರ್ಧರಿಸುವುದು ನಮ್ಮ ಕೆಲಸ ಅಲ್ಲ. ಅವರು ಹೇಳಿದ ಅಂಕ ಹಾಗೇ ಹಾಕಿ, ಪಕ್ಕದ ಟಿಪ್ಪಣಿಯಲ್ಲಿ ರಾತ್ರಿ ಪಾಳಿ ಅಂತ ಬರೆಯುವುದು ನಮ್ಮ ಕೆಲಸ. ಆ್ಯಪ್‌ನಲ್ಲಿ ಟಿಪ್ಪಣಿ ಕಡ್ಡಾಯ ಇರಲಿಲ್ಲ, ಬಿಟ್ಟರೂ ಯಾರೂ ಕೇಳುತ್ತಿರಲಿಲ್ಲ. ನನ್ನ ಪ್ರಕಾರ ಇಡೀ ಫಾರ್ಮಿನಲ್ಲಿ ಬೆಲೆ ಇದ್ದದ್ದು ಅದಕ್ಕೇ.

ಡಬ್ಲ್ಯುಎಚ್ಒ-5 ಅಂತ ಇನ್ನೊಂದು ಚಿಕ್ಕ ಪ್ರಶ್ನಾವಳಿಯೂ ಇತ್ತು. ಇದು ತೊಂದರೆ ಕೇಳುವುದಿಲ್ಲ, ಖುಷಿ ಕೇಳುತ್ತದೆ. ಐದೇ ಪ್ರಶ್ನೆ. ಬಂದ ಅಂಕವನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಅಂತ ಸಿಗುತ್ತದೆ. ‘ಬೆಳಗ್ಗೆ ಏಳುವಾಗ ಹಗುರ ಅನ್ನಿಸುತ್ತಾ?’ ಅನ್ನೋ ಥರದ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ನಗುವೇ ಉತ್ತರ.

ಈಗ ಅತ್ತೆಯ ವಿಷಯ. ಸೊಸೆಯನ್ನು ಕೂರಿಸಿ ಪ್ರಶ್ನೆ ಶುರು ಮಾಡಿದರೆ ಅತ್ತೆ ಅವರೆಕಾಯಿ ಮೊರ ತಂದು ಪಕ್ಕದಲ್ಲೇ ಕೂರುತ್ತಾರೆ. ಅವರ ಮನೆ, ಅವರ ಜಗುಲಿ, ಎದ್ದು ಹೋಗಿ ಅನ್ನಲಾಗುತ್ತದಾ? ಆಗ ಬರುವ ಉತ್ತರ ಎಲ್ಲಾ ಸೊನ್ನೆ. ಒಮ್ಮೊಮ್ಮೆ ಸೊಸೆಯ ಪಾಲಿನ ಉತ್ತರವನ್ನೂ ಅತ್ತೆಯೇ ಕೊಡುತ್ತಾರೆ: ‘ಅವಳಿಗೇನವ್ವ, ಚೆನ್ನಾಗವ್ಳೆ.’ ಅದಕ್ಕೇ ನಾವು ಇಬ್ಬಿಬ್ಬರು ಹೋಗುತ್ತಿದ್ದೆವು. ಮನೆಯ ಹಿರಿಯರ ಬಿಪಿ ನೋಡುವುದೂ ಅಧ್ಯಯನದಲ್ಲಿತ್ತು. ನನ್ನ ಜೊತೆಗಾರ ಅಜ್ಜಿಯನ್ನು ಹೊರಗೆ ಕೂರಿಸಿ, ಐದು ನಿಮಿಷ ಮಾತಾಡದೆ ಆರಾಮಾಗಿರಿ ಅಂದು, ಕಾಲು ನೆಲಕ್ಕೆ ಊರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು, ಬಿಡುವು ಕೊಟ್ಟು ಕೊಟ್ಟು ಮೂರು ಸಲ ನೋಡುತ್ತಿದ್ದ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದ್ದರೆ ಅರ್ಧ ಗಂಟೆ ಕಾಯಲೇಬೇಕು, ನಿಯಮವೇ ಹಾಗಿದೆ. ಅಷ್ಟರಲ್ಲಿ ಒಳಗೆ ನನ್ನ ಮಾತು ಮುಗಿಯುತ್ತಿತ್ತು. ಉಪಾಯ ಅನ್ನಿ, ತಪ್ಪಿಲ್ಲ. ಆದರೆ ಅಜ್ಜಿಗೆ ಮೋಸ ಇಲ್ಲ. ಬಿಪಿ ಎಷ್ಟು ಬಂತು ಅಂತ ಚೀಟಿಯಲ್ಲಿ ಬರೆದು ಕೊಟ್ಟು, ಜಾಸ್ತಿ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲು ಹೇಳುತ್ತಿದ್ದೆವು.

ಆಶಾ ಅಕ್ಕ, ಅಂದರೆ ಊರಿನ ಆಶಾ ಕಾರ್ಯಕರ್ತೆ, ಬಾಗಿಲವರೆಗೆ ಬೇಕೇ ಬೇಕು. ಅವರಿಲ್ಲದೆ ಹೋದರೆ ನಾವು ಯಾರೋ ಲೋನ್ ಕಂಪನಿಯವರು. ಆದರೆ ಪ್ರಶ್ನೆ ಶುರುವಾದ ಮೇಲೆ ಅವರು ಇರಬಾರದು. ಅವರೂ ಅದೇ ಬೀದಿಯವರು, ನಾಳೆ ನಲ್ಲಿ ಹತ್ತಿರ ಸಿಗುವವರು.

‘ಸ್ಟಿಕ್ಕರ್ ಅಂಟಿಸಿ ಹೋದ್ರಲ್ಲ, ಮತ್ತೆ ಯಾಕೆ ಬಂದ್ರಿ?’ ಅಂತ 2025ರ ಜಾತಿ ಸಮೀಕ್ಷೆ ಆದ ಮೇಲೆ ಎಲ್ಲರೂ ಕೇಳುತ್ತಿದ್ದರು. ಇಲ್ಲವೇ ‘ಗೃಹಲಕ್ಷ್ಮಿ ದುಡ್ಡು ಬಂದಿಲ್ಲ, ಬರ್ಕೊಳ್ಳಿ.’ ನಮ್ಮಿಂದ ಯಾವ ಸೌಲಭ್ಯವೂ ಬರುವುದಿಲ್ಲ ಅಂತ ಮೊದಲೇ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಕಷ್ಟ ಜಾಸ್ತಿ ಹೇಳಿದರೆ ಏನಾದರೂ ಸಿಗಬಹುದು ಅನ್ನೋ ಲೆಕ್ಕದಲ್ಲಿ ಉತ್ತರ ಬರುತ್ತದೆ. ಅವರ ತಪ್ಪಲ್ಲ ಅದು. ಒಪ್ಪಿಗೆ ಪತ್ರದ್ದು ಇನ್ನೊಂದು ಭಯ. ಹೆಬ್ಬೆಟ್ಟು ಅಂದರೆ ಜಮೀನಿನ ನೆನಪು. ಓದಲು ಬಾರದವರಿಗೆ ಪತ್ರ ಓದಿ ಹೇಳುವಾಗ, ನಮಗೆ ಸಂಬಂಧ ಇಲ್ಲದ ಅಕ್ಷರಸ್ಥ ಸಾಕ್ಷಿ ಒಬ್ಬರು ಇರಬೇಕು ಅಂತ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಹೇಳುತ್ತದೆ. ಸಾಕ್ಷಿ ಸಹಿ ಹಾಕಿ ಹೋದ ಮೇಲೇ ಪ್ರಶ್ನೆ.

ಬಸ್ ಖರ್ಚಿನ ಬಗ್ಗೆ ಒಂದು ಮಾತು. ನನಗೆ ಶಕ್ತಿ ಯೋಜನೆ ಇತ್ತು. ಜೊತೆಗಾರ ಪಾಪ, ಟಿಕೆಟ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೂಡಿಡುತ್ತಿದ್ದ. ದುಡ್ಡು ಬರುವಷ್ಟರಲ್ಲಿ ಅದರ ಮೇಲಿನ ಅಕ್ಷರ ಮಾಸಿ ಹೋಗಿತ್ತು.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಬೇರೆಯದೇ ತೂಕದ್ದು. ಸತ್ತರೆ ಚೆನ್ನಾಗಿತ್ತು ಅನ್ನೋ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅಂತ ಕೇಳುವ ಪ್ರಶ್ನೆ ಅದು. ಇದಕ್ಕೆ ‘ಹೂಂ’ ಅಂದವರಿಗೆ ಥ್ಯಾಂಕ್ಸ್ ಹೇಳಿ ಎದ್ದು ಬರಲಾಗುವುದಿಲ್ಲ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಗುಟ್ಟು ಇಟ್ಟುಕೊಳ್ಳುವುದಿಲ್ಲ ಅಂತ ಒಪ್ಪಿಗೆ ಕೇಳುವಾಗಲೇ ಹೇಳಿರಬೇಕು. ಸಮಾಧಾನವಾಗಿ ಇನ್ನೆರಡು ಮಾತು ಕೇಳಬೇಕು, ಒಬ್ಬರನ್ನೇ ಬಿಡಬಾರದು, ಅಲ್ಲಿಂದಲೇ ಮೇಲ್ವಿಚಾರಕರಿಗೆ ಫೋನ್ ಮಾಡಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಸೇರಿಸುವ ದಾರಿ ಮೊದಲೇ ಗೊತ್ತಿರಬೇಕು. (ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ಈ ಕಾರ್ಯಕ್ರಮವಾಗಿ ದೇಶಕ್ಕೆ ಹೋದದ್ದು.) 2022ರಿಂದ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಅಚ್ಚು ಹಾಕಿದ ಚೀಟಿಯನ್ನು ನಾವು ಎಲ್ಲಾ ಮನೆಗೂ ಕೊಡುತ್ತಿದ್ದೆವು. ಒಬ್ಬರಿಗೇ ಕೊಟ್ಟರೆ ಯಾಕೆ ಕೊಟ್ಟರು ಅಂತ ಇಡೀ ಬೀದಿಗೆ ಗೊತ್ತಾಗುತ್ತದೆ.

ಜೂನಿಯರ್‌ಗಳು ಈಗ ಇಂಥ ಕೆಲಸಕ್ಕೆ ಸೇರುವಾಗ ಸರ್ಟಿಫಿಕೇಟ್ ಕೊಡ್ತಾರಾ, ರಿಸರ್ಚ್ ಪೇಪರಿನಲ್ಲಿ ಹೆಸರು ಬರುತ್ತಾ ಅಂತ ನನ್ನನ್ನು ಕೇಳುತ್ತಾರೆ. ಕೇಳಲಿ, ನ್ಯಾಯವೇ. ಜೊತೆಗೆ ಸಂದರ್ಶನದಲ್ಲೇ ಇನ್ನೊಂದು ಕೇಳಿ ಅನ್ನುತ್ತೇನೆ: ಒಂಬತ್ತನೇ ಪ್ರಶ್ನೆಗೆ ಹೂಂ ಬಂದರೆ ಸಂಜೆ ಆರರ ಮೇಲೆ ನನ್ನ ಫೋನ್ ಎತ್ತುವವರು ಯಾರು? ಹೆಸರು, ನಂಬರ್ ಎರಡೂ ಸಿಗದಿದ್ದರೆ ಆ ಪ್ರಾಜೆಕ್ಟ್ ಬೇಡ.