ಕಂದು ಬಣ್ಣಕ್ಕೆ ಅವಸರ

ಕಳೆದ ಮೇ ತಿಂಗಳ ಮೊದಲ ವಾರ ನಮ್ಮ ಸ್ನಾನದ ಮನೆಯ ಕಪಾಟಿನಲ್ಲಿ ಎರಡು ಸಾಮಗ್ರಿಗಳು ಒಂದಕ್ಕೊಂದು ತಾಗಿಕೊಂಡು ಕುಳಿತಿದ್ದವು. ಒಂದು, ಮದುವೆ ನಿಶ್ಚಯವಾಗಿದ್ದ ನನ್ನ ತಂಗಿಯ ಮಗಳು ತಂದಿಟ್ಟ ‘ಡಿ-ಟ್ಯಾನ್’ ಲೇಪದ ಡಬ್ಬಿ. ದಿನವೂ ಸ್ಕೂಟರಿನಲ್ಲಿ ಉಡುಪಿಗೆ ಹೋಗಿಬಂದು ಕಪ್ಪಾದ ಮುಂಗೈಗಳು ಧಾರೆಯ ಹೊತ್ತಿಗೆ ತಿಳಿಯಾಗಬೇಕೆಂಬುದು ಅವಳ ಹಠ. ಇನ್ನೊಂದು, ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಫಿನ್‌ಲೆಂಡಿನ ಹುಡುಗಿ ತರಿಸಿಕೊಂಡಿದ್ದ, ಮೈಯನ್ನು ಕಂದು ಮಾಡುವ ಲೋಷನ್ನಿನ ಬಾಟಲಿ. ಮಣಿಪಾಲದಲ್ಲಿ ಒಂದು ಸೆಮಿಸ್ಟರ್ ಓದಲು ಬಂದಿದ್ದ ಅವಳಿಗೆ, ನಾಲ್ಕು ತಿಂಗಳು ಕಡಲ ತೀರದಲ್ಲಿದ್ದೂ ಬಂದ ಬಣ್ಣದಲ್ಲೇ ಹಿಂತಿರುಗಿದರೆ ಊರಿನವರು ನಂಬುವುದಿಲ್ಲ ಎಂಬ ಚಿಂತೆ ಹತ್ತಿತ್ತು. ಓದಿನ ಗಡಿಬಿಡಿಯಲ್ಲಿ ಬಿಸಿಲನ್ನು ಮರೆತಿದ್ದವಳು ಹೊರಡಲು ಮೂರು ವಾರವಿರುವಾಗ ಅದನ್ನು ನೆನಪಿಸಿಕೊಂಡಳು.

ನಮ್ಮ ಅತ್ತೆಗೆ ಈ ಆಸೆಯನ್ನು ಅರ್ಥ ಮಾಡಿಸುವುದೇ ಒಂದು ಕೆಲಸವಾಯಿತು. “ಎಂತ ಮಾರಾಯ್ತಿ, ಹಾಲಿನಂಥ ಬಣ್ಣ ಕೊಟ್ಟ ದೇವರಿಗೆ ಇವಳು ಬುದ್ಧಿ ಹೇಳುವುದಾ?” ಎಂದರು. ಅವರ ತಪ್ಪಲ್ಲ. ಬಿಸಿಲಿನಿಂದ ಬರುವ ಬಣ್ಣವನ್ನು ಹೊಗಳುವ ಒಂದು ಮಾತೂ ನಮ್ಮಲ್ಲಿ ಬಳಕೆಯಲ್ಲಿಲ್ಲ. ಸುಟ್ಟು ಹೋಗಿದ್ದೀಯಲ್ಲ, ಕರಿಕಲಾಗಿದ್ದೀಯಲ್ಲ, ಬಾಡಿದ್ದೀಯಲ್ಲ ಎಂದೇ ವಿಚಾರಿಸುತ್ತೇವೆ. ‘ಕಂದು’ ಎಂಬುದು ಬಣ್ಣದ ಹೆಸರಾದಂತೆಯೇ ಬಾಡುವುದು ಎಂಬ ಕ್ರಿಯೆಯೂ ಆಗಿರುವುದನ್ನು ನಾನು ಗಮನಿಸಿದ್ದು ಆ ದಿನಗಳಲ್ಲಿಯೇ. 1975ರಲ್ಲಿ ಮಾರುಕಟ್ಟೆಗೆ ಬಂದ ಬೆಳ್ಳಗಾಗಿಸುವ ಕ್ರೀಮಿನ ಜಾಹೀರಾತು ನೋಡುತ್ತಲೇ ಬೆಳೆದ ತಲೆಮಾರು ನಮ್ಮದು. 2020ರಲ್ಲಿ ಅದರ ಹೆಸರಿನಿಂದ ‘ಫೇರ್’ ಎಂಬ ಪದ ಹೋಯಿತೆಂದು ಮನಸ್ಸಿನಿಂದಲೂ ಹೋಗಿಬಿಡುವುದಿಲ್ಲ. ಯುರೋಪಿನಲ್ಲಿಯೂ ನೂರು ವರ್ಷಗಳ ಹಿಂದಿನವರೆಗೆ ಬಿಳಿಚು ಮುಖವೇ ಕುಲೀನತೆಯ ಗುರುತಾಗಿತ್ತು. ದುಡಿಯುವವರು ಹೊಲ ಬಿಟ್ಟು ಕಾರ್ಖಾನೆಯ ಮಾಡಿನಡಿ ಸೇರಿದ ಮೇಲೆ, ಬಿಸಿಲು ಕಾಯಿಸಲು ಪುರುಸೊತ್ತಿರುವವರ ಮೈಬಣ್ಣ ಅಲ್ಲಿ ಫ್ಯಾಷನ್ ಆಯಿತು.

ಮೊದಲನೆಯ ಪ್ರಯತ್ನ ಮಲ್ಪೆಯ ಕಡಲ ಕಿನಾರೆಯಲ್ಲಿ ನಡೆಯಿತು, ಮತ್ತು ಅದರಲ್ಲಿ ನನ್ನ ಪಾಲೂ ಇತ್ತು. ಏಪ್ರಿಲ್ ಕೊನೆಯ ವಾರದ ಒಂದು ಭಾನುವಾರ ಆ ಹುಡುಗಿ ಕೊಂಚ ತೆಂಗಿನೆಣ್ಣೆ ಕೇಳಿದಳು. ತಲೆಗೆ ಇರಬಹುದೆಂದು ಗಾಣದ ಎಣ್ಣೆಯ ಬಾಟಲಿಯನ್ನೇ ಕೊಟ್ಟುಬಿಟ್ಟೆ. ಅದನ್ನು ಅವಳು ಮೈಗೆಲ್ಲ ಬಳಿದುಕೊಂಡು, ಹನ್ನೆರಡರಿಂದ ಮುಕ್ಕಾಲು ಗಂಟೆ, ಮರಳಿನ ಮೇಲೆ ಟವೆಲ್ ಹಾಸಿ ಮಲಗಿದಳು. ಏಪ್ರಿಲ್ 25ರ ಆಸುಪಾಸಿನಲ್ಲಿ ಉಡುಪಿಯ ಮೇಲೆ ಸೂರ್ಯ ನೆತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾನೆ. ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ಶೂನ್ಯ ನೆರಳಿನ ದಿನವೆಂದು ನೋಡುವುದು ಆಗಲೇ. ನಾವು ಭಾರತೀಯ ಕಾಲಮಾನದ ರೇಖೆಗಿಂತ ಪಶ್ಚಿಮದಲ್ಲಿರುವುದರಿಂದ ಇಲ್ಲಿ ನಡುಹಗಲೆಂದರೆ ಗಡಿಯಾರದ ಹನ್ನೆರಡಲ್ಲ, ಹನ್ನೆರಡೂವರೆ. ಅಂದರೆ ಅವಳು ಅರಿಯದೆಯೇ ವರ್ಷದ ಅತ್ಯಂತ ನೇರವಾದ ಬಿಸಿಲನ್ನು ಹುಡುಕಿ ಹೋಗಿ ಅದರಡಿ ಮಲಗಿದ್ದಳು. ನೇರಳಾತೀತ ಕಿರಣಗಳ ಸೂಚ್ಯಂಕ 3 ಮುಟ್ಟಿದರೆ ಮೈಯನ್ನು ಕಾಪಾಡಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕರಾವಳಿಯಲ್ಲಿ ಮೋಡವಿಲ್ಲದ ಏಪ್ರಿಲ್ ಮಧ್ಯಾಹ್ನ ಅದು 11ನ್ನೂ ದಾಟುತ್ತದೆ. ಮೇಲಿಂದ ಬರುವುದು ಸಾಲದೆಂದು ಒಣ ಮರಳು ಸುಮಾರು ಶೇಕಡಾ 15ರಷ್ಟನ್ನು ಹಿಂತಿರುಗಿಸಿ ಎಸೆಯುತ್ತದೆ. ಕಡಲ ಗಾಳಿ ಬೀಸುತ್ತಿದ್ದರೆ ಸೆಕೆ ಗೊತ್ತಾಗುವುದಿಲ್ಲವಾದ್ದರಿಂದ ಎಚ್ಚರವೂ ತಪ್ಪುತ್ತದೆ. ಎಣ್ಣೆಯಂತೂ ಕೊಡೆಯಲ್ಲ, ಒಣ ಚರ್ಮದ ಒರಟು ಮೇಲ್ಮೈಯಿಂದ ಚದುರಿ ಹೋಗುತ್ತಿದ್ದ ಬೆಳಕಿಗೂ ಅದು ಒಳಗಿಳಿಯುವ ದಾರಿ ಮಾಡಿಕೊಡುತ್ತದೆ.

ಸಂಜೆ ಐದಕ್ಕೆ ಅವಳ ಬೆನ್ನು ಕೋಕಮ್ ಹಣ್ಣಿನಂತೆ ಕೆಂಪಾಗಿತ್ತು. ರಾತ್ರಿ ಬೆಡ್‌ಶೀಟ್ ತಾಗಿದರೂ ಉರಿ. ಬಿಸಿಲು ಸುಟ್ಟ ಕೆಂಪು ಮೂರು ನಾಲ್ಕು ಗಂಟೆಗಳ ಬಳಿಕ ಕಾಣಿಸಿಕೊಂಡು ಮರುದಿನದವರೆಗೆ ಏರುತ್ತಲೇ ಹೋಗುತ್ತದೆ. ಬಿಸಿಲಿನಲ್ಲಿರುವಾಗಲೇ ‘ಸಾಕು’ ಎಂದು ಚರ್ಮ ಹೇಳುವುದಿಲ್ಲ. ಐದನೆಯ ದಿನ ಭುಜದ ಮೇಲೆ ಚರ್ಮ ಈರುಳ್ಳಿಯ ಸಿಪ್ಪೆಯಂತೆ ಏಳತೊಡಗಿತು, ಮತ್ತು ಎಲ್ಲಿ ಸ್ವಲ್ಪ ಬಣ್ಣ ಬಂದಿತ್ತೋ ಅದೂ ಆ ಸಿಪ್ಪೆಯೊಂದಿಗೇ ಹೋಯಿತು.

ಬಿಸಿಲಿನ ಬಣ್ಣಕ್ಕೆ ಅವಸರ ಮಾಡಲು ಬಾರದಿರುವುದಕ್ಕೆ ಕಾರಣ ಚರ್ಮದ ಕೆಲಸದ ಕ್ರಮದಲ್ಲಿಯೇ ಇದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಲ್ಲಿ ಎರಡು ಬಗೆ. ಯುವಿಎ ಕಿರಣಗಳು ಚರ್ಮದಲ್ಲಿ ಮೊದಲೇ ಇರುವ ಮೆಲನಿನ್ ವರ್ಣಕವನ್ನು ಉತ್ಕರ್ಷಿಸಿ ಕೂಡಲೇ ಕಪ್ಪಾಗಿಸುತ್ತವೆ. ಇದು ಕೆಲವೇ ಗಂಟೆಗಳಲ್ಲಿ ಬಹುಮಟ್ಟಿಗೆ ಇಳಿದುಹೋಗುವ ಬಣ್ಣ. ಉಳಿಯುವ ಬಣ್ಣ ಬರುವುದು ಯುವಿಬಿ ಕಿರಣಗಳು ಜೀವಕೋಶಗಳ ಡಿಎನ್‌ಎಯನ್ನು ಘಾಸಿಗೊಳಿಸಿದ ಮೇಲೆ. ಆ ಪೆಟ್ಟಿನ ಸುದ್ದಿ ತಲುಪಿದ ಮೆಲನೊಸೈಟ್ ಕೋಶಗಳು ಹೊಸ ಮೆಲನಿನ್ ತಯಾರಿಸಿ, ಸಣ್ಣ ಪೊಟ್ಟಣಗಳಲ್ಲಿ ತುಂಬಿ, ಮೇಲಿನ ಕೋಶಗಳಿಗೆ ರವಾನಿಸುತ್ತವೆ. ಅಲ್ಲಿ ಅದು ನ್ಯೂಕ್ಲಿಯಸ್ಸಿನ ಮೇಲೆ ಮುಟ್ಟಾಳೆಯ, ಅಂದರೆ ಅಡಕೆ ಹಾಳೆಯ ಟೊಪ್ಪಿಯ ಹಾಗೆ ಕುಳಿತುಕೊಳ್ಳುತ್ತದೆ. ಇಷ್ಟಾಗಲು ಎರಡು ಮೂರು ದಿನ ಹಿಡಿಯುತ್ತದೆ. ಮೊದಲ ದಿನವೇ ಹೆಚ್ಚು ಹೊತ್ತು ಮಲಗಿದರೆ ಪೆಟ್ಟು ಹೆಚ್ಚಾಗುತ್ತದೆಯೇ ಹೊರತು ಮುಟ್ಟಾಳೆ ಬೇಗ ತಯಾರಾಗುವುದಿಲ್ಲ. ಹಾಗೆ ಸಂಪಾದಿಸಿದ ಬಣ್ಣ ಮುಂದಿನ ಬಿಸಿಲಿನಿಂದ ಕೊಡುವ ರಕ್ಷಣೆಯಾದರೂ ಎಷ್ಟು? ಎಸ್‌ಪಿಎಫ್ ಎಂಬ, ಸನ್‌ಸ್ಕ್ರೀನಿನ ಬಲ ಅಳೆಯುವ ಲೆಕ್ಕದಲ್ಲಿ ಮೂರೋ ನಾಲ್ಕೋ.

ಉರಿಗೆ ಮದ್ದು ಕೇಳಲು ಹೋದಾಗ ಚರ್ಮವೈದ್ಯರು ಇನ್ನೊಂದು ವಿಷಯವನ್ನೂ ತಿಳಿಸಿದರು. ಅಮೆರಿಕದ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ, ಮುಂದೆ ಆರು ವರ್ಗಗಳಿಗೆ ವಿಸ್ತರಿಸಿದ ಒಂದು ವರ್ಗೀಕರಣವಿದೆ. ಅದರಲ್ಲಿ ಒಂದನೆಯ ವರ್ಗದವರು ಸುಡುತ್ತಾರೆ, ಕಂದಾಗುವುದೇ ಇಲ್ಲ. ಎರಡನೆಯವರು ಸುಲಭವಾಗಿ ಸುಡುತ್ತಾರೆ, ಕಷ್ಟದಿಂದ ಕಂದಾಗುತ್ತಾರೆ. ನಾವು ನೀವೆಲ್ಲ ಸಾಮಾನ್ಯವಾಗಿ ನಾಲ್ಕು ಮತ್ತು ಐದರವರು. ನಸುಗೆಂಪು ಕೂದಲು, ಮೂಗಿನ ಮೇಲೆ ಎಳ್ಳು ಚೆಲ್ಲಿದಂಥ ಚುಕ್ಕೆಗಳಿರುವ ಈ ಹುಡುಗಿಯ ಚರ್ಮ ಕಂದು ಮೆಲನಿನ್‌ಗಿಂತ ಹಳದಿಗೆಂಪು ಮೆಲನಿನ್ನನ್ನೇ ಹೆಚ್ಚು ಮಾಡುತ್ತದೆ. ಅವಳು ಮಲ್ಪೆಯಲ್ಲಿ ಮೂರು ವಾರವಲ್ಲ, ಮೂರು ವರ್ಷ ಮಲಗಿದರೂ ಕೈರಂಪಣಿ ಎಳೆಯುವವರ ಬಣ್ಣ ಅವಳಿಗೆ ಬರಲಾರದು. ಆ ಬಣ್ಣವಾದರೂ ಯಾರೂ ಬಯಸಿ ಪಡೆದದ್ದಲ್ಲ. ಬಲೆ ಎಳೆದು ಬಂದವರು ಅಂಗಿ ಕಳಚಿದಾಗ ತೋಳಿನ ನಡುವೆ ಗೆರೆ ಕೊರೆದಂತೆ ಎರಡು ಬಣ್ಣ ಕಾಣುವುದನ್ನು ಕಡಲ ಬದಿಯವರೆಲ್ಲ ನೋಡಿದ್ದೇವೆ.

ಹಾಗೆಂದು ಹುಡುಗಿ ಆಸೆ ಬಿಡಲಿಲ್ಲ. ಬೇಗ ಬಣ್ಣ ಬರಿಸುವ ಉಪಾಯಗಳ ಒಂದು ಪಟ್ಟಿಯೇ ಅವಳ ಮೊಬೈಲಿನಲ್ಲಿತ್ತು, ಮತ್ತು ಅದರಲ್ಲಿ ಬಹುಪಾಲು ಓದುವಾಗಲೇ ಹೆದರಿಕೆ ಹುಟ್ಟಿಸುವಂಥದು. ನೇರಳಾತೀತ ದೀಪಗಳ ಪೆಟ್ಟಿಗೆಯೊಳಗೆ ಮಲಗುವ ಸನ್‌ಬೆಡ್ಡನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ, ತಂಬಾಕು ಇರುವ ಗುಂಪಿಗೇ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಸೌಂದರ್ಯಕ್ಕಾಗಿ ಅದರ ಬಳಕೆಯನ್ನು ನಿಷೇಧಿಸಿತು, ಆಸ್ಟ್ರೇಲಿಯದಲ್ಲಿಯೂ ಮುಂದೆ ಆ ವ್ಯಾಪಾರಕ್ಕೆ ಬಾಗಿಲು ಹಾಕಿಸಿದರು. ಕ್ಯಾಂತಾಕ್ಸಾಂತಿನ್ ಎಂಬ ವರ್ಣಕದ ಮಾತ್ರೆಗಳು ಮೈಗೆ ಕಿತ್ತಳೆ ಛಾಯೆ ಕೊಡುವ ಜೊತೆಗೆ ಕಣ್ಣಿನ ಅಕ್ಷಿಪಟಲದಲ್ಲಿ ಹರಳುಗಳಾಗಿ ಕೂರುತ್ತವೆ. ಮೆಲನೊಟಾನ್ ಎಂಬ ಚುಚ್ಚುಮದ್ದು ಮತ್ತು ಮೂಗಿನ ಸ್ಪ್ರೇ ಕಳ್ಳಮಾರ್ಗದಲ್ಲಿ ಮಾರಾಟವಾಗುತ್ತವೆ. ವಾಕರಿಕೆ ಬರಿಸುತ್ತವೆ, ಮಚ್ಚೆಗಳನ್ನು ಕಪ್ಪಾಗಿಸುತ್ತವೆ, ಯಾವ ದೇಶವೂ ಸೌಂದರ್ಯಕ್ಕೆಂದು ಅದಕ್ಕೆ ಒಪ್ಪಿಗೆ ಕೊಟ್ಟಂತಿಲ್ಲ. ಲಿಂಬೆರಸ ಹಚ್ಚಿ ಬಿಸಿಲಿಗೆ ಕೂರಬೇಕೆಂಬ ಸಲಹೆಯೂ ಅಲ್ಲಿತ್ತು. ಇದು ಎಲ್ಲಕ್ಕಿಂತ ಮೂರ್ಖತನದ್ದು: ಲಿಂಬೆಯಲ್ಲಿರುವ ಸೊರಾಲೆನ್ ಜಾತಿಯ ವಸ್ತುಗಳು ಬಿಸಿಲು ತಾಗಿದಾಗ ಚರ್ಮವನ್ನು ಬೊಕ್ಕೆ ಏಳುವಂತೆ ಸುಡುತ್ತವೆ, ರಸ ಹರಿದ ದಾರಿಯಲ್ಲೇ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಕೊನೆಗೆ ಉಳಿದದ್ದು ಬಾಟಲಿಯ ಬಣ್ಣ. ಆ ಲೋಷನ್ನಿನ ಹುರುಳು ಡೈಹೈಡ್ರಾಕ್ಸಿಅಸಿಟೋನ್, ಮೂರು ಇಂಗಾಲದ ಒಂದು ಸಣ್ಣ ಸಕ್ಕರೆ. ಗ್ಲಿಸರಿನ್ನನ್ನು ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಅದನ್ನು ತಯಾರಿಸುತ್ತಾರೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ ಮೈ ಸಕ್ಕರೆಯನ್ನು ಕೂಡಿಡುವ ರೂಪವಾದ ಗ್ಲೈಕೊಜನ್ ಸಂಬಂಧದ ಕಾಯಿಲೆಯ ಮಕ್ಕಳಿಗೆ ಇದನ್ನು ಕುಡಿಸುತ್ತಿದ್ದರು. ಕುಡಿಯುವಾಗ ಮಕ್ಕಳ ಮೈಮೇಲೆ ಚೆಲ್ಲಿದಲ್ಲೆಲ್ಲ ಕೆಲವು ಗಂಟೆಗಳ ನಂತರ ಕಂದು ಕಲೆ ಮೂಡುತ್ತಿತ್ತು, ಬಟ್ಟೆಯ ಮೇಲೆ ಮಾತ್ರ ಏನೂ ಆಗುತ್ತಿರಲಿಲ್ಲ. ತಮ್ಮ ಚರ್ಮದ ಮೇಲೆಯೇ ಬಳಿದುಕೊಂಡು ಅವರು ಇದನ್ನು ಖಚಿತಪಡಿಸಿಕೊಂಡರು. 1960ರ ಹೊತ್ತಿಗೆ ಅಂಗಡಿಯಲ್ಲಿ ಲೋಷನ್ ಸಿಗತೊಡಗಿತು.

ಇದರ ಕೆಲಸವನ್ನು ಅತ್ತೆಗೆ ವಿವರಿಸಲು ನನಗೆ ಸಿಕ್ಕ ಹೋಲಿಕೆ ಬನ್ಸ್. ಬಾಳೆಹಣ್ಣಿನ ಸಕ್ಕರೆ ಮತ್ತು ಮೈದಾದ ಪ್ರೋಟೀನು ಬಿಸಿ ಎಣ್ಣೆಯಲ್ಲಿ ಕೂಡಿ ಬನ್ಸಿನ ಮೇಲ್ಮೈಗೆ ಹೊಂಬಣ್ಣ ಬರಿಸುತ್ತವಲ್ಲ, ಅದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಮೈಯಾರ್ ಕ್ರಿಯೆ ಎನ್ನುತ್ತಾರೆ. ಈ ಲೋಷನ್ನಿನ ಸಕ್ಕರೆಯೂ ಚರ್ಮದ ಮೇಲ್ಪದರದ ಸತ್ತ ಕೋಶಗಳಲ್ಲಿರುವ ಅಮೈನೊ ಆಮ್ಲಗಳೊಂದಿಗೆ ಅಂಥದೇ ಕ್ರಿಯೆ ನಡೆಸುತ್ತದೆ, ಬೆಂಕಿ ಮಾತ್ರ ಬೇಡ. ಎರಡರಿಂದ ನಾಲ್ಕು ಗಂಟೆಗಳಲ್ಲಿ ಬಣ್ಣ ತಲೆಯೆತ್ತುತ್ತದೆ, ಒಂದು ದಿನದವರೆಗೆ ಗಾಢವಾಗುತ್ತದೆ. ಆ ಸತ್ತ ಪದರ ಹೇಗಿದ್ದರೂ ಉದುರಿ ಹೋಗುವಂಥದಾದ್ದರಿಂದ ವಾರದೊಳಗೆ ಬಣ್ಣವೂ ಮಾಸುತ್ತದೆ. ಯಕ್ಷಗಾನದ ಚೌಕಿಯಲ್ಲಿ ಬಳಿದ ಬಣ್ಣವನ್ನು ಆಟ ಮುಗಿದ ಮೇಲೆ ಎಣ್ಣೆ ಹಾಕಿ ಒರೆಸಿದರೆ ಹೋಗುತ್ತದೆ. ಇದು ಒರೆಸಿದರೂ ತೊಳೆದರೂ ಹೋಗುವುದಿಲ್ಲ, ಏಕೆಂದರೆ ಬಣ್ಣ ಪಡೆದಿರುವುದು ಚರ್ಮವೇ. ತೊನ್ನಿನ ಬಿಳಿ ಕಲೆಗಳನ್ನು ಮರೆಮಾಡಲು ಸಹ ಇದನ್ನು ಬಳಸುವುದುಂಟೆಂದು ವೈದ್ಯರು ಹೇಳಿದಾಗ ಈ ಬಾಟಲಿಯ ಬಗೆಗೆ ನನಗಿದ್ದ ತಾತ್ಸಾರ ಅರ್ಧ ಕಡಿಮೆಯಾಯಿತು.

ಸಿಪ್ಪೆ ಏಳುವುದು ಪೂರ್ತಿ ನಿಂತ ಮೇಲೆಯೇ ಹಚ್ಚಬೇಕಾಗಿತ್ತು. ಹಿಂದಿನ ದಿನ ಅವಳು ಒರಟು ಬಟ್ಟೆಯಿಂದ ಮೈಯುಜ್ಜಿ ಮಿಂದಳು. ಕಿವಿಯ ಹಿಂದೆ ಸ್ವಲ್ಪ ಹಚ್ಚಿ ತುರಿಕೆ ಬರುವುದಿಲ್ಲವೆಂದು ನೋಡಿಕೊಂಡಳು. ಮೊಣಕೈ, ಮೊಣಕಾಲು, ಹಿಮ್ಮಡಿಗಳ ಸತ್ತ ಪದರ ದಪ್ಪವಾಗಿದ್ದು ಬಣ್ಣವನ್ನು ಹೆಚ್ಚಾಗಿ ಹೀರುವುದರಿಂದ ಅಲ್ಲಿ ಮೊದಲು ಮಾಮೂಲಿ ಕ್ರೀಮನ್ನು ತೆಳ್ಳಗೆ ಸವರಬೇಕು. ಬೆನ್ನಿಗೆ ಕೈ ಎಟುಕದೆ ನನ್ನನ್ನು ಕರೆದಳು. ನಾನು ಅಡುಗೆಮನೆಯ ರಬ್ಬರ್ ಕೈಗವಸು ತೊಟ್ಟು, ಗೋಡೆಗೆ ಸುಣ್ಣ ಬಳಿಯುವವರ ಹಾಗೆ ಮೇಲಿಂದ ಕೆಳಗೆ, ಬಿಟ್ಟ ಜಾಗ ಉಳಿಯದಂತೆ ಎಳೆದೆ. ಬೇಕರಿಯ ಹಿಂಬಾಗಿಲಲ್ಲಿ ಬರುವ ಬಿಸ್ಕತ್ತಿನ ವಾಸನೆ ಕೋಣೆಯ ತುಂಬ ಹರಡಿತು. ಇದಕ್ಕೆ ನಮ್ಮ ಊರಿನಲ್ಲಿ ಶತ್ರು ಒಂದೇ, ಬೆವರು. ಫಿನ್‌ಲೆಂಡಿನಲ್ಲಿ ಹತ್ತು ನಿಮಿಷಕ್ಕೆ ಒಣಗುತ್ತದೆಂದು ಅವಳು ಹೇಳಿದ ಲೋಷನ್ ಇಲ್ಲಿ ಮೇ ತಿಂಗಳ ರಾತ್ರಿ ಫ್ಯಾನಿನ ಕೆಳಗೆ ಅರ್ಧ ಗಂಟೆಯಾದರೂ ಅಂಟುತ್ತಲೇ ಇತ್ತು. ಕುತ್ತಿಗೆಯ ಹಿಂದೆ ಎರಡು ಬೆವರ ಹನಿ ಇಳಿದದ್ದನ್ನು ನಾವಿಬ್ಬರೂ ನೋಡಲಿಲ್ಲ. ಬೆಳಗ್ಗೆ ಅಲ್ಲಿ ಎರಡು ಬಿಳಿ ಗೆರೆಗಳಿದ್ದವು. ಉಳಿದಂತೆ ಮೈ ಹದವಾಗಿ ಕಾಯಿಸಿದ ಹಾಲಿನ ಕೆನೆಯ ಬಣ್ಣಕ್ಕೆ ಬಂದಿತ್ತು. ಮರುರಾತ್ರಿ ಇನ್ನೊಂದು ಪದರ, ಅಷ್ಟಕ್ಕೇ ನಿಲ್ಲಿಸಿದಳು. ಬಣ್ಣ ಬಂದಿತೆಂದು ಬಿಸಿಲಿಗೆ ಇಳಿಯುವಂತಿಲ್ಲ. ಈ ಕಂದು ಬಿಸಿಲನ್ನು ತಡೆಯುವುದಿಲ್ಲವೆಂದು ಸನ್‌ಸ್ಕ್ರೀನ್ ಬಾಟಲಿಯನ್ನು ನಾನೇ ಅವಳ ಚೀಲಕ್ಕೆ ಹಾಕಿದೆ.

ಮೂರನೆಯ ದಿನ ಮದುವೆ. ಮುಂಗೈ ತಿಳಿಯಾಗಿಸಿಕೊಂಡ ಮದುಮಗಳೂ ಮೈ ಕಂದಾಗಿಸಿಕೊಂಡ ಅತಿಥಿಯೂ ಪಕ್ಕಪಕ್ಕ ನಿಂತು ತೆಗೆಸಿಕೊಂಡ ಚಿತ್ರದಲ್ಲಿ ಇಬ್ಬರ ಕೈಗಳ ಬಣ್ಣ ಹೆಚ್ಚು ಕಡಿಮೆ ಒಂದೇ ಆಗಿ ಬಂದಿದೆ. ಹುಡುಗಿ ಉಟ್ಟಿದ್ದು ನನ್ನ ಹಸಿರು ರೇಷ್ಮೆ ಸೀರೆ. ಅದರದೇ ತುಂಡಿನಿಂದ ಹೊಲಿಸಿದ ಹಳೆಯ ರವಿಕೆಗೆ ಎರಡೂ ಬದಿಯಲ್ಲಿ ಹೊಲಿಗೆ ಹಾಕಿ ಬಿಗಿ ಮಾಡಿಕೊಟ್ಟಿದ್ದೆ. ಸಿನ್ಸಿನಾಟಿಯ ಮಕ್ಕಳ ಬಟ್ಟೆಗೆ ಏನೂ ಆಗಲಿಲ್ಲವೆಂಬ ಕತೆಯನ್ನು ನೆಚ್ಚಿ ನಾನು ನಿಶ್ಚಿಂತಳಾಗಿದ್ದೆ. ಹತ್ತಿಯ ನೂಲಿನಲ್ಲಿ ಪ್ರೋಟೀನು ಇಲ್ಲ, ರೇಷ್ಮೆಯೆಂದರೆ ಪೂರ್ತಿ ಪ್ರೋಟೀನೇ ಎಂಬುದು ಮದುವೆಯ ಮರುದಿನ ರವಿಕೆಯನ್ನು ಒಣಹಾಕುವಾಗ ಹೊಳೆಯಿತು. ಹುಡುಗಿ ಊರು ಸೇರಿ ಆರನೆಯ ದಿನ, ಬಣ್ಣವೆಲ್ಲ ಹೋಯಿತು, ಮೊಣಕೈಯಲ್ಲಿ ಮಾತ್ರ ಚೂರು ಉಳಿದಿದೆ ಎಂದು ಸಂದೇಶ ಕಳುಹಿಸಿದಳು. ನನ್ನ ರವಿಕೆಯ ಕೊರಳಂಚಿನ ಕಂದು ಎರಡು ಬಾರಿ ಡ್ರೈಕ್ಲೀನಿಂಗ್ ಮಾಡಿಸಿದರೂ ಹಾಗೆಯೇ ಇದೆ.