ಖಾತೆ ನಿಮ್ಮ ಹೆಸರಿನಲ್ಲಿದೆ, ಮನೆ ಯಾರದು?

ಮನೆ ಮಾರಬೇಕೆಂದವರು ಮೊದಲು ಬಣ್ಣ ಹೊಡೆಸುತ್ತಾರೆ. ಮಹಡಿ ಎತ್ತಬೇಕೆಂದವರು ಮೇಸ್ತ್ರಿಯನ್ನು ಕರೆಸಿ ಅಂದಾಜು ಹಾಕಿಸುತ್ತಾರೆ. ದಾಖಲೆಗಳ ಗಂಟು ಬಿಚ್ಚುವುದು ಬ್ಯಾಂಕಿನವರು ‘ವಕೀಲರ ಅಭಿಪ್ರಾಯ ಬರಲಿ’ ಎಂದ ಮೇಲೆಯೇ. ಆ ಅಭಿಪ್ರಾಯ ಬರೆಯುವ ವಕೀಲೆ ನಾನು. ಮೈಸೂರಿನಲ್ಲಿ ಗೃಹಸಾಲದ ಅರ್ಜಿಗಳ ಜೊತೆ ಬರುವ ಆಸ್ತಿಪತ್ರಗಳನ್ನು ಓದಿ, ಈ ಮನೆಯನ್ನು ಅಡಮಾನವಾಗಿ ಇಟ್ಟುಕೊಳ್ಳಬಹುದೇ ಇಲ್ಲವೇ ಎಂದು ಬ್ಯಾಂಕಿಗೆ ಹೇಳುವುದು ನನ್ನ ಕೆಲಸ. ಗೋಡೆ ಬಿರುಕು ಬಿಟ್ಟದ್ದಕ್ಕೆ ವ್ಯಾಪಾರ ಮುರಿದದ್ದನ್ನು ನಾನು ಕಂಡಿಲ್ಲ. ಅಕ್ಕತಂಗಿಯರ ಸಹಿ ಇಲ್ಲದ್ದಕ್ಕೆ ಮುರಿದದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಬಂದವರು ಮೊದಲು ಮೇಜಿನ ಮೇಲೆ ಇಡುವುದು ಖಾತಾ ನಕಲು ಮತ್ತು ಕಂದಾಯದ ರಸೀದಿ. ‘ಎಲ್ಲ ನನ್ನ ಹೆಸರಿನಲ್ಲೇ ಇದೆ ಮೇಡಂ’ ಎನ್ನುತ್ತಾರೆ. ಖಾತೆ ಎಂದರೆ ಈ ಸ್ವತ್ತಿನ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂದು ಪಾಲಿಕೆ ಇಟ್ಟುಕೊಂಡ ಲೆಕ್ಕ. ಒಡೆತನ ಬರುವುದು ಕ್ರಯಪತ್ರದಿಂದ, ದಾನಪತ್ರದಿಂದ, ವಿಭಾಗಪತ್ರದಿಂದ, ಉಯಿಲಿನಿಂದ. ಇವು ಯಾವುವೂ ಇಲ್ಲದಿದ್ದರೆ ಉತ್ತರಾಧಿಕಾರದ ಕಾನೂನಿನಿಂದ. 2024ರಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ ಈ ಗೊಂದಲ ಇನ್ನಷ್ಟು ಬೆಳೆದಿದೆ. ಇ-ಖಾತಾ ಕೈಗೆ ಬಂದರೆ ಮನೆ ತಮ್ಮದಾಯಿತು ಎಂದು ಜನ ನಂಬುತ್ತಾರೆ. ಅದು ನೋಂದಣಿ ಕಚೇರಿಯ ಬಾಗಿಲು ತೆರೆಯುತ್ತದೆ, ಅಷ್ಟೇ.

ಇಲ್ಲಿನ ಹಳೆಯ ಬಡಾವಣೆಗಳ ಕಥೆ ಹೆಚ್ಚುಕಡಿಮೆ ಒಂದೇ. ತಂದೆ ನೌಕರಿಯಲ್ಲಿದ್ದಾಗ ಸಿಐಟಿಬಿಯಿಂದ, ಅಂದರೆ ಮುಡಾಗಿಂತ ಮೊದಲಿದ್ದ ನಗರ ಸುಧಾರಣಾ ಮಂಡಳಿಯಿಂದ, ನಿವೇಶನ ಪಡೆದರು. ಸಾಲ ಮಾಡಿ ಮನೆ ಕಟ್ಟಿದರು. ಉಯಿಲು ಬರೆಯದೆ ತೀರಿಕೊಂಡರು. ತಾಯಿಯೂ ಹೋದ ಮೇಲೆ ಆ ಮನೆಯಲ್ಲೇ ಉಳಿದಿದ್ದ ಮಗ ಮರಣ ಪ್ರಮಾಣಪತ್ರ, ಒಂದು ಪ್ರಮಾಣಪತ್ರಿಕೆ ಕೊಟ್ಟು ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ತೆರಿಗೆ ಕಟ್ಟಿದ, ಸೋರುವ ತಾರಸಿ ದುರಸ್ತಿ ಮಾಡಿಸಿದ, ತಂದೆತಾಯಿಯ ಆಸ್ಪತ್ರೆಯ ಖರ್ಚನ್ನೂ ಅವನೇ ನೋಡಿಕೊಂಡ. ಮನೆ ತನ್ನದೆಂದು ಅವನು ಮನಸಾರೆ ನಂಬಿರುತ್ತಾನೆ, ಅದರಲ್ಲಿ ಮೋಸವಿಲ್ಲ. ಹಾಗಾಗಿ ‘ನಿಮ್ಮ ಸೋದರಿಯರು ಎಲ್ಲಿದ್ದಾರೆ?’ ಎಂದು ನಾನು ಕೇಳಿದಾಗ ಅವನ ಮುಖ ಸಪ್ಪಗಾಗುತ್ತದೆ.

ಸಿಗುವ ಉತ್ತರ ಬಹುತೇಕ ಇದು: ‘ಅಕ್ಕನ ಮದುವೆ ಕಾನೂನು ಬರುವುದಕ್ಕೆ ಮೊದಲೇ ಆಯಿತಲ್ಲ?’ ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತುಹೋಗಿವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕಾಗಿರಲಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ತಂದೆ ತನ್ನ ಸಂಬಳದಲ್ಲಿ ಕಟ್ಟಿದ ಮನೆಗೆ ಈ ಯಾವ ತಿದ್ದುಪಡಿಯೂ ಬೇಕಾಗಿಯೇ ಇಲ್ಲ. ಅದು ಸ್ವಯಾರ್ಜಿತ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಅಕ್ಕನ ಮದುವೆ ಯಾವ ವರ್ಷ ಆಗಿದ್ದರೂ ಅವಳ ಪಾಲು ಅವಳದೇ. ಮದುವೆಗೆ ಹಾಕಿದ ಚಿನ್ನ, ಪ್ರತಿ ಗೌರಿ ಹಬ್ಬಕ್ಕೆ ಕೊಟ್ಟ ಬಾಗಿನ, ಇವು ಪ್ರೀತಿಯ ಲೆಕ್ಕಕ್ಕೆ ಸೇರುತ್ತವೆ. ನೋಂದಣಿ ಪುಸ್ತಕದಲ್ಲಿ ಅವುಗಳಿಗೆ ಕಲಮು ಇಲ್ಲ.

ಪರಿಹಾರ ಇದೆ. ಸೋದರಿಯರು ಹಕ್ಕು ಖುಲಾಸೆ ಪತ್ರ, ಅಂದರೆ ತಮ್ಮ ಪಾಲು ಬಿಟ್ಟುಕೊಡುವ ಪತ್ರ, ಬರೆದುಕೊಡಬಹುದು. ಅದು ನೋಂದಣಿಯಾಗಲೇಬೇಕು, ಛಾಪಾ ಕಾಗದದ ಮೇಲೆ ಸಹಿ ಮಾಡಿಸಿ ನೋಟರಿ ಮುದ್ರೆ ಹಾಕಿಸಿದರೆ ಯಾವ ಬ್ಯಾಂಕೂ ಒಪ್ಪುವುದಿಲ್ಲ. ಕುಟುಂಬದೊಳಗಿನ ಖುಲಾಸೆಗೆ ಮುದ್ರಾಂಕ ಶುಲ್ಕವೂ ಮಾರಾಟದಷ್ಟು ಭಾರವಿಲ್ಲ. ಕಷ್ಟ ಇರುವುದು ಕೇಳುವ ರೀತಿಯಲ್ಲಿ. ಮುಂಗಡ ತೆಗೆದುಕೊಂಡು, ಮೂರು ತಿಂಗಳ ಗಡುವಿಗೆ ಕರಾರು ಮಾಡಿಕೊಂಡು, ಕೊನೆಯ ವಾರದಲ್ಲಿ ಫೋನ್ ಮಾಡಿ ‘ಒಂದು ಸಹಿ ಹಾಕಿ ಹೋಗು’ ಎನ್ನುತ್ತಾರೆ. ಯಾವ ಹೆಣ್ಣುಮಗಳಿಗೆ ನೋವಾಗುವುದಿಲ್ಲ?

ಹೀಗೆಯೇ ಬಂದ ಒಬ್ಬ ಹಿರಿಯಕ್ಕ ನನ್ನ ಕಚೇರಿಯಲ್ಲಿ ಕುಳಿತು, ಕರಡು ಪತ್ರವನ್ನು ಕೈಯಲ್ಲಿ ಹಿಡಿದು, ‘ಕನ್ನಡಕ ತಂದಿಲ್ಲ, ಇದರಲ್ಲಿ ಏನಿದೆ ಓದಿ ಹೇಳಿ ಮೇಡಂ’ ಎಂದರು. ಪತ್ರ ಬರಹಗಾರರು ಬರೆದದ್ದನ್ನು ಓದಿದೆ: ‘ಸದರಿ ಸ್ವತ್ತಿನಲ್ಲಿ ನನಗೆ ಬರಬೇಕಾದ ಹಕ್ಕಿನ ಬಾಬ್ತು ಪ್ರತಿಫಲದ ಹಣವನ್ನು ಈ ದಿನ ಸಾಕ್ಷಿಗಳ ಸಮಕ್ಷಮ ನಗದಾಗಿ ಪಡೆದುಕೊಂಡಿರುತ್ತೇನೆ.’

‘ನಾನು ಪಡೆದುಕೊಂಡಿಲ್ಲವಲ್ಲ’ ಎಂದರು ಅವರು.

‘ಎಲ್ಲ ಪತ್ರಗಳಲ್ಲೂ ಹಾಗೇ ಬರೆಯುತ್ತಾರೆ ಅಕ್ಕ’ ಎಂದ ತಮ್ಮ.

‘ನನಗೆ ಬೇಡವಾದರೆ ಬೇಡ ಎಂದೇ ಬರೆಯಲಿ. ತೆಗೆದುಕೊಂಡೆ ಎಂದು ಯಾಕೆ ಬರೆಯಬೇಕು?’

ಅಂದು ಆ ಪತ್ರಕ್ಕೆ ಸಹಿ ಬೀಳಲಿಲ್ಲ, ಬೀಳಬಾರದಿತ್ತು ಕೂಡ. ಬಾರದ ಹಣ ಬಂದಿದೆ ಎಂದು ಬರೆದ ಪತ್ರವೇ ನಾಳೆ ದಾವೆಗೆ ದಾರಿ. ಪ್ರೀತಿಯಿಂದ ಬಿಟ್ಟುಕೊಟ್ಟರೆ ಪ್ರತಿಫಲವಿಲ್ಲದೆ ಬಿಟ್ಟಿದ್ದೇನೆ ಎಂದೇ ಬರೆಯಬೇಕು. ಹಣ ಕೊಟ್ಟರೆ ಚೆಕ್ ಸಂಖ್ಯೆ ಸಹಿತ ಬರೆಯಬೇಕು. ಆ ಮನೆಯವರು ಕೊನೆಗೆ ಖುಲಾಸೆಯ ಗೊಡವೆಗೇ ಹೋಗಲಿಲ್ಲ. ಒಡಹುಟ್ಟಿದ ಮೂವರೂ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸಹಿ ಹಾಕಿದರು, ಹಣ ಮೂವರ ಖಾತೆಗೂ ಹೋಯಿತು. ಮನೆ ಮಾರಿಹೋಗುವುದೇ ಖಚಿತವಾಗಿದ್ದರೆ ನಾನು ಸೂಚಿಸುವುದು ಇದನ್ನೇ. ಬಂದ ಲಾಭ ಮೂವರಲ್ಲಿ ಹಂಚಿಹೋಗಿ ಪ್ರತಿಯೊಬ್ಬರಿಗೂ ತಮ್ಮ ಪಾಲಿಗಷ್ಟೇ ತೆರಿಗೆ ಬರುತ್ತದೆ. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ಅವರವರ ಪಾಲಿಗೆ ವಿನಾಯಿತಿಯನ್ನೂ ಕೇಳಬಹುದು. 2001ಕ್ಕೆ ಮೊದಲು ತಂದೆ ಕೊಂಡ ಆಸ್ತಿಯಾದರೆ ಆ ವರ್ಷದ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆಯಾಗಿ ತೋರಿಸಲು ಅವಕಾಶವಿದೆ. ಇದನ್ನು ತಿಳಿಯದೆ, ತೆರಿಗೆಗೆ ಹೆದರಿ, ‘ಅರ್ಧ ನಗದು ಕೊಡಿ’ ಎನ್ನುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ನಗದಿನ ಆಸೆ ಕೊಳ್ಳುವವರನ್ನೂ ದೂರ ಮಾಡುತ್ತದೆ. ಇಂದು ಮನೆ ಕೊಳ್ಳುವ ಸಂಬಳದಾರರು ಸಾಲ ಮಾಡಿಯೇ ಕೊಳ್ಳುವುದು. ಆರ್‌ಬಿಐ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಬ್ಯಾಂಕ್ ಸ್ವತ್ತಿನ ಬೆಲೆಯ ಶೇ 90ರವರೆಗೆ ಕೊಡಬಹುದು; 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಬ್ಯಾಂಕ್ ಲೆಕ್ಕ ಹಾಕುವುದು ಕಾಗದದಲ್ಲಿರುವ ಬೆಲೆಗೆ ಮತ್ತು ತನ್ನ ಮೌಲ್ಯಮಾಪಕರು ಕೊಟ್ಟ ಬೆಲೆಗೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಸಾಮಾನ್ಯವಾಗಿ ಈ ಲೆಕ್ಕದೊಳಗೆ ಬರುವುದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 1ರಿಂದ ಶೇ 2ಕ್ಕೆ ಏರಿದೆ. ಕೊಳ್ಳುವವರ ಕೈಯ ಹಣ ಅಲ್ಲಿಗೇ ಮುಗಿದಿರುತ್ತದೆ; ನಗದು ಎಲ್ಲಿಂದ ತರಬೇಕು ಅವರು?

ಇನ್ನೊಂದು ತೊಡಕು ಋಣಭಾರ ಪತ್ರದಲ್ಲಿ ಅಡಗಿ ಕುಳಿತಿರುತ್ತದೆ. ಜನ ಇಸಿ ಎನ್ನುವ ಇದು ಸ್ವತ್ತಿನ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. 2004ರ ಏಪ್ರಿಲ್‌ನಿಂದ ಈಚಿನದನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ತೆಗೆಯಬಹುದು. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಹುಡುಕಿಸಬೇಕು, ಗೃಹಸಾಲಕ್ಕೆ ಸಾಮಾನ್ಯವಾಗಿ ಮೂವತ್ತು ವರ್ಷದ್ದು ಬೇಕು. ಆ ಕೈಬರಹದ ಹಾಳೆಯಲ್ಲಿ ತಂದೆ ಯಾವುದೋ ಸಹಕಾರ ಸಂಘಕ್ಕೆ ಬರೆದುಕೊಟ್ಟ ಅಡಮಾನ ಪತ್ರ ಕಾಣಿಸುತ್ತದೆ. ಸಾಲ ತೀರಿ ಎಷ್ಟೋ ಕಾಲವಾಗಿದೆ, ರಸೀದಿಗಳೂ ಇವೆ. ಆದರೆ ಋಣಮುಕ್ತಿ ಪತ್ರ ನೋಂದಣಿಯಾಗಿಲ್ಲ, ಹಾಗಾಗಿ ದಾಖಲೆಯ ಕಣ್ಣಿಗೆ ಮನೆ ಇನ್ನೂ ಅಡಮಾನದಲ್ಲೇ ಇದೆ. ಸಂಘ ಮುಚ್ಚಿಹೋಗಿದ್ದರಂತೂ ಅಲೆದಾಟ ಹೇಳತೀರದು. ಈಗ ಸಾಲ ತೀರಿಸುತ್ತಿರುವವರು ಆ ದಿನವೇ ಎರಡು ಕೆಲಸ ಮಾಡಿಸಿಕೊಳ್ಳಿ: ಕೊಟ್ಟಿದ್ದ ಮೂಲಪತ್ರಗಳನ್ನು ಪಟ್ಟಿ ಹಿಡಿದು ಎಣಿಸಿ ವಾಪಸ್ ಪಡೆಯಿರಿ, ಅಡಮಾನದ ನಮೂದು ತೆಗೆಸಿ ಹೊಸ ಇಸಿ ತೆಗೆದು ನೋಡಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲಪತ್ರ ಮರಳಿಸಬೇಕು; ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್‌ನಿಂದ ಈ ಆರ್‌ಬಿಐ ನಿಯಮ ಜಾರಿಯಲ್ಲಿದೆ.

ಮನೆ ನವೀಕರಣದ ಸಾಲಕ್ಕೂ ನಾನು ನೋಡುವುದು ಇವೇ ಪತ್ರಗಳನ್ನು. ನಕ್ಷೆಗೆ ಮಂಜೂರಾತಿ ಇಲ್ಲದೆ ಮೇಲೊಂದು ಮಹಡಿ ಕಟ್ಟಿದ್ದರೆ ಮೌಲ್ಯಮಾಪಕರು ಆ ಮಹಡಿಯನ್ನು ಲೆಕ್ಕಕ್ಕೆ ಹಿಡಿಯದೇ ಹೋಗಬಹುದು. ಕೆಲಸ ಶುರುಮಾಡುವ ಮುನ್ನ ಪರವಾನಗಿ ಪಡೆಯಿರಿ.

ಹೆಣ್ಣುಮಕ್ಕಳಲ್ಲಿ ಒಬ್ಬರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ಇನ್ನೂ ಮುಂಚೆ ಎಚ್ಚರವಾಗಬೇಕು. ಅವರು ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅನಿವಾಸಿಯ ಪಾಲಿನ ಹಣದಲ್ಲಿ ಕೊಳ್ಳುವವರು ಹಿಡಿದುಕೊಳ್ಳಬೇಕಾದ ತೆರಿಗೆಯೂ ಇಲ್ಲಿನವರದಕ್ಕಿಂತ ಹೆಚ್ಚು. ಇದನ್ನು ಬೆಲೆ ಮಾತಾಡುವಾಗಲೇ ಹೇಳಿಬಿಡಿ.

ತಂದೆತಾಯಿ ಇನ್ನೂ ಇರುವ ಮನೆಗಳಿಗೆ ನನ್ನದೊಂದು ಬೇಡಿಕೆ. ದಯವಿಟ್ಟು ಉಯಿಲು ಬರೆದಿಡಿ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಬಲ ಹೆಚ್ಚು. ಎರಡು ಸಾಕ್ಷಿಗಳು ಬೇಕೇ ಬೇಕು. ಜೊತೆಯಲ್ಲಿದ್ದು ನೋಡಿಕೊಂಡ ಮಗನಿಗೋ ಮಗಳಿಗೋ ಮನೆ ಹೋಗಲಿ ಎಂಬ ಆಸೆಯಿದ್ದರೆ ಹಾಗೇ ಬರೆಯಿರಿ, ಬರೆದದ್ದನ್ನು ಉಳಿದ ಮಕ್ಕಳಿಗೂ ನೀವೇ ಕೂರಿಸಿ ಹೇಳಿ. ಸಾಕ್ಷಿಗಳು ಆಸ್ತಿ ಪಡೆಯುವವರಲ್ಲದೆ ಬೇರೆಯವರಾಗಿರಲಿ, ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ. ಮುಂದೆ ಯಾರಾದರೂ ತಕರಾರು ಎತ್ತಿದರೆ ನ್ಯಾಯಾಲಯಕ್ಕೆ ಬಂದು ಹೇಳಬೇಕಾದವರು ಅವರೇ.